ಬಿಟ್ಟ ಮೇಕೆಯ ವಂಶಾವಳಿ

ಇಂಗ್ಲಿಷ್ ಶಬ್ದಗಳಿಗೂ ಅಪ್ಪ ಅಮ್ಮ ಇರುತ್ತಾರೆ, ಅಜ್ಜ ಮುತ್ತಜ್ಜ ಇರುತ್ತಾರೆ ಎಂಬುದು ಆ ಲಾಂಡ್ರಿಯಲ್ಲಿ ಒಬ್ಬನನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂಬ ಆಸೆಯೂ ಯಾರಿಗೂ ಇರಲಿಲ್ಲ. ಆ ಒಬ್ಬನನ್ನು ಎಲ್ಲರೂ ನಿಘಂಟಣ್ಣ ಎಂದು ಕರೆಯುತ್ತಿದ್ದರು. ಮುಂಬಾಗಿಲಲ್ಲಿ ಕೌಂಟರಿನ ಹಿಂದೆ ಕೂತು, ಬಂದ ಬಟ್ಟೆಗಳಿಗೆ ಗುರುತಿನ ಚೀಟಿ ಪಿನ್ನು ಮಾಡುವುದು ಅವನ ಕೆಲಸ. ಯಾರದೋ ಕೋಟಿನ ಜೊತೆ ಬಂದು, ಯಾರೂ ಕೇಳದೆ ಉಳಿದುಹೋದ ದಪ್ಪ ನಿಘಂಟೊಂದು ಅವನ ಕೌಂಟರಿನ ಕೆಳಗಿತ್ತು. ಅದರ ಮೊದಲ ಅರ್ಧ ಕಿತ್ತುಹೋಗಿತ್ತು. ಹಾಗಾಗಿ ಅವನ ಪಾಂಡಿತ್ಯ ಎಸ್ ಅಕ್ಷರದಿಂದ ಶುರುವಾಗುತ್ತಿತ್ತು. ಅದಕ್ಕಿಂತ ಹಿಂದಿನ ಅಕ್ಷರದ ಶಬ್ದ ಯಾರಾದರೂ ಆಡಿದರೆ ಅವನು ಕೇಳಿಸದವನ ಹಾಗೆ ಬೀದಿ ನೋಡುತ್ತಿದ್ದ.

ಎಸ್ ದಾಟಿತೋ, ಮುಗಿಯಿತು. ಆಡು ಮುಟ್ಟದ ಸೊಪ್ಪಿಲ್ಲ, ನಿಘಂಟಣ್ಣ ಬಿಡಿಸದ ಶಬ್ದವಿಲ್ಲ. ಒಮ್ಮೆ ಒಬ್ಬ ಹೆಂಗಸು ಒಳ್ಳೆಯ ಸ್ವೆಟರ್ ತಂದಿದ್ದಳು. "ಸ್ವೆಟರ್ ಅಂದ್ರೆ ಬೆವರಿಳಿಸೋದು ಅಂತ ಮೇಡಂ. ಮೊದಮೊದಲು ಇದನ್ನ ಕುದುರೆಗೆ ಹೊದಿಸ್ತಿದ್ರು" ಎಂದು ಇವನು ವಿನಯದಿಂದ ತಿಳಿಸಿದ. ಆಕೆ ಸ್ವೆಟರ್ ಮಡಿಸಿಕೊಂಡು ಎದುರಿನ ಲಾಂಡ್ರಿಗೆ ಹೋದಳು. ಅವನ ಮಾವ, ಅಂದರೆ ಹೆಂಡತಿಯ ತಂದೆ, ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು: "ನಮ್ಮ ಅಳಿಯಂದಿರ ತಲೇಲಿ ಅರ್ಧ ಪುಸ್ತಕ ಇದೆ. ಇನ್ನರ್ಧ ಜಾಗ ಖಾಲಿ. ನಾನು ಶಿಫಾರಸು ಮಾಡದೇ ಹೋಗಿದ್ರೆ ಆ ಚೀಟಿ ಅಂಟಿಸೋ ಕೆಲಸವೂ ಸಿಗ್ತಿರಲಿಲ್ಲ." ಈ ಮಾತು ಮುಗಿದ ಮೇಲೆ ಅವರು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು.

ಲಾಂಡ್ರಿ ನಡೆಯುತ್ತಿದ್ದದ್ದು ಮುಖ್ಯವಾಗಿ ಒಂದು ವಿಶ್ರಾಂತಿಗೃಹದಿಂದ. ಊರಾಚೆ, ಬಸ್ಸಿನ ಕೊನೆಯ ಸ್ಟಾಪು ದಾಟಿ, ಬೋಳು ಗುಡ್ಡದ ಮೇಲೆ ಅದು ಇತ್ತು. ವಾರಕ್ಕೊಮ್ಮೆ ಅಲ್ಲಿಂದ ಹಾಸಿಗೆ ಹೊದಿಕೆಗಳ ದೊಡ್ಡ ಗಂಟುಗಳು ಬರುತ್ತಿದ್ದವು. ವಿಚಿತ್ರವೆಂದರೆ ಆ ಬಿಳಿ ಹೊದಿಕೆಗಳ ಮೇಲೆ ಒಂದು ಸುಕ್ಕಿಲ್ಲ, ಒಂದು ಕೂದಲಿಲ್ಲ, ಬೆವರಿನ ವಾಸನೆಯಿಲ್ಲ. ಕಳೆದ ವಾರ ಹೇಗೆ ಇಸ್ತ್ರಿಯಾಗಿ ಹೋಗಿದ್ದವೋ ಹಾಗೇ ವಾಪಸು ಬರುತ್ತಿದ್ದವು.

"ಇದರ ಮೇಲೆ ಯಾರೂ ಮಲಗಿಲ್ಲ" ಎಂದು ಇಸ್ತ್ರಿ ಮಾಡುವ ಅಕ್ಕ ಪ್ರತಿ ಸಲವೂ ಹೇಳುತ್ತಿದ್ದಳು.

"ಮಲಗ್ಲಿ, ಬಿಡ್ಲಿ. ಒಗೆಯೋಕೆ ಕೊಟ್ಟಿದಾರೆ, ಒಗೀರಿ" ಎಂದು ಮ್ಯಾನೇಜರ್ ಪ್ರತಿ ಸಲವೂ ಉತ್ತರ ಕೊಡುತ್ತಿದ್ದರು. ಗಂಟು ತರುವ ವ್ಯಾನ್ ಡ್ರೈವರ್ ಕೂಡ ಅಲ್ಲಿ ಒಬ್ಬ ಮನುಷ್ಯನನ್ನೂ ಕಂಡಿರಲಿಲ್ಲ. ಗೇಟಿನ ಬಳಿ ಗಂಟು ಇರುತ್ತಿತ್ತು. ಅವನು ಎತ್ತಿಕೊಂಡು, ಹಿಂದೆ ತಿರುಗಿ ನೋಡದೆ ಬರುತ್ತಿದ್ದ.

ಒಂದು ಸೋಮವಾರ ಮಷಿನ್ನಿನ ಬಾಗಿಲು ತೆಗೆದಾಗ ಆ ಹೊದಿಕೆಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಎಳೆ ಮಗುವಿನ ಅಂಗಾಲಿನ ಬಣ್ಣ. ಒಳಗೆ ಹುಡುಕಿದರೆ ಒಂದು ಕೆಂಪು ದಾರವೂ ಸಿಗಲಿಲ್ಲ. ಯಾರೋ ಕೆಂಪು ಬಟ್ಟೆ ಹಾಕಿದ್ದಾರೆ, ಯಾರೂ ನೋಡದಾಗ ತೆಗೆದೂ ಬಿಟ್ಟಿದ್ದಾರೆ. ಮಷಿನ್ನಿನ ಮೇಲೆಯೇ ಮ್ಯಾನೇಜರ್ ತಾವೇ ಬರೆಸಿ ಹಾಕಿದ ಬೋರ್ಡಿತ್ತು: ನೌಕರರು ಸ್ವಂತ ಬಟ್ಟೆಗಳನ್ನು ಇದರಲ್ಲಿ ಒಗೆಯತಕ್ಕದ್ದಲ್ಲ. ಕಲೆ ತೆಗೆಯುವುದರಲ್ಲಿ ಊರಿಗೇ ಹೆಸರಾದ ಮುದುಕ, ಎಲ್ಲರ ಬಾಯಲ್ಲಿ ಕಲೆ ತಾತ, ತನ್ನ ಗುಟ್ಟಿನ ದ್ರಾವಣ ಹಾಕಿ ಉಜ್ಜಿ ಉಜ್ಜಿ ಸೋತ. ಬೇರೆ ದಾರಿ ಕಾಣದೆ ಹಾಗೇ ಮಡಿಸಿ ಗುಡ್ಡಕ್ಕೆ ಕಳಿಸಿದರು.

ಮಾರನೆಯ ದಿನ ಫೋನು ಬಂತು. ಮ್ಯಾನೇಜರ್ ಮಾತು ಕೇಳಿಸಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಾ ಕುರ್ಚಿಯಿಂದ ಎದ್ದು ನಿಂತರು. ಫೋನಿಟ್ಟ ಮೇಲೆ ಎಲ್ಲರನ್ನೂ ಇಸ್ತ್ರಿ ಕೋಣೆಗೆ ಕರೆಸಿದರು.

"ಒಬ್ಬ ಹೆಂಗಸು ಮಾತಾಡಿದ್ಲು. ಸಿಟ್ಟೇ ಇಲ್ಲ. ನನಗೆ ಅದೇ ಭಯ ಆಗಿದ್ದು" ಎಂದರು. "ಬಣ್ಣ ನೋಡಿದ್ವಿ, ಮಾಡಿದವರು ಯಾರೋ ಅವರನ್ನ ಶುಕ್ರವಾರ ಇಲ್ಲಿಗೆ ಕಳಿಸಿಕೊಡಿ ಅಂದ್ಲು. ಅಷ್ಟೇ. ಕಳಿಸದಿದ್ರೆ ಆ ಗಿರಾಕಿ ಹೋಗುತ್ತೆ. ಆ ಗಿರಾಕಿ ಹೋದ್ರೆ ನಾವೆಲ್ಲ ಹೋದ ಹಾಗೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಎಲ್ಲರೂ ತಮ್ಮ ತಮ್ಮ ಅಂಗಿಯಲ್ಲಿ ಎಲ್ಲಾದರೂ ಕೆಂಪು ಇದೆಯೇ ಎಂದು ಬಗ್ಗಿ ನೋಡಿಕೊಂಡರು. ಬಾಯ್ಲರ್ ಒಂದೇ ಸಮನೆ ಉಸಿರುಬಿಡುತ್ತಿತ್ತು.

"ನೋಡಿ, ಯಾರೋ ಒಬ್ಬರನ್ನ ಸುಮ್ಮನೆ ಸ್ಕೇಪ್‌ಗೋಟ್ ಮಾಡೋದು ನನಗಿಷ್ಟ ಇಲ್ಲ" ಎಂದರು ಮ್ಯಾನೇಜರ್.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಹಿರಿಯರು ಇಂಥ ಗಳಿಗೆಗಾಗಿಯೇ ಹೇಳಿಟ್ಟಿದ್ದಾರೆ. ನಿಘಂಟಣ್ಣ ಆ ಕ್ಷಣ ಕಿಟಕಿಯ ಕಡೆ ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅದು ಎಸ್ ಅಕ್ಷರದ ಶಬ್ದ.

"ಸರ್, ಆ ಶಬ್ದವನ್ನ ನಾವು ತಪ್ಪಾಗಿ ಬಳಸ್ತೀವಿ" ಎಂದ.

"ಈಗ ಬೇಕಾ ಅದು?"

"ಬಲಿಪಶು ಅಂತ ತಿಳ್ಕೊಂಡಿದೀವಿ. ಅಲ್ಲ. ಅದು ಬಲಿ ಆಗದೇ ಇರೋ ಮೇಕೆ. ಬಹಳ ಹಿಂದೆ, ಮರುಭೂಮಿ ಕಡೆ ಜನ ವರ್ಷಕ್ಕೊಂದು ದಿನ ಎರಡು ಮೇಕೆ ತರ್ತಿದ್ರು. ಚೀಟಿ ಎತ್ತೋರು. ಒಂದನ್ನ ಅಲ್ಲೇ ಇಟ್ಕೊಂಡು ಕಡಿಯೋರು. ಇನ್ನೊಂದರ ತಲೆ ಮೇಲೆ ಪೂಜಾರಿ ಎರಡೂ ಕೈ ಇಟ್ಟು ಊರಿನವರು ಮಾಡಿದ ತಪ್ಪನ್ನೆಲ್ಲ ಹೇಳೋನು. ಆಮೇಲೆ ಅದನ್ನ ಮರುಭೂಮಿಗೆ ಬಿಟ್ಟುಬಿಡೋರು. ಐನೂರು ವರ್ಷದ ಹಿಂದೆ ಒಬ್ಬ ಪಂಡಿತ ಆ ಕಥೆಯನ್ನ ಇಂಗ್ಲಿಷಿಗೆ ತರುವಾಗ, ತಪ್ಪಿಸ್ಕೊಂಡು ಹೋಗೋ ಮೇಕೆ ಅಂತ ಅರ್ಥ ಮಾಡ್ಕೊಂಡು, ಎರಡು ಶಬ್ದ ಹೊಲಿದು ಒಂದು ಮಾಡಿದ. ಇದು ಅದರ ವಂಶಾವಳಿ."

ಇಸ್ತ್ರಿ ಅಕ್ಕ ಪೆಟ್ಟಿಗೆಯನ್ನು ಸ್ಟ್ಯಾಂಡಿನ ಮೇಲಿಟ್ಟಳು. "ಅಂದ್ರೆ ಆ ಮೇಕೆಗೆ ಏನೂ ಮಾಡಲ್ಲ?"

"ಏನೂ ಮಾಡಲ್ಲ. ಬಿಟ್ಟುಬಿಡೋದು. ಆದರೆ ಬೇರೆ ಪಂಡಿತರು ಬೇರೆ ಹೇಳ್ತಾರೆ. ಮೂಲದಲ್ಲಿ ಇದ್ದದ್ದು ಮೇಕೆ ಹೆಸರೇ ಅಲ್ಲವಂತೆ. ಅಲ್ಲಿ ಮರುಭೂಮೀಲಿ ಇದ್ದ ಒಂದರ ಹೆಸರಂತೆ."

"ಒಂದರ ಅಂದ್ರೆ?" ಎಂದ ವ್ಯಾನ್ ಡ್ರೈವರ್.

"ಅಲ್ಲಿ ಕಾಯ್ಕೊಂಡು ಇರುತ್ತಲ್ಲ, ಅದರ."

ಕಲೆ ತಾತ ಗಂಟಲು ಸರಿಮಾಡಿಕೊಂಡ. "ಆ ಮೇಕೆ ತಾನು ಏನಾದ್ರೂ ತಪ್ಪು ಮಾಡಿರ್ತಿತ್ತಾ?"

"ಛೆ, ಇಲ್ಲ ತಾತ. ತಪ್ಪು ಮಾಡಿರಲೇಬಾರದು. ಶುದ್ಧವಾದ ಮೇಕೆ."

ಈಗ ಎಲ್ಲರೂ ನಿಘಂಟಣ್ಣನನ್ನೇ ನೋಡುತ್ತಿದ್ದರು. ಮ್ಯಾನೇಜರ್ ಬಹಳ ಮೃದುವಾಗಿ ಕೇಳಿದರು: "ನೀವು ಸೋಮವಾರ ಮಷಿನ್ ಹತ್ರ ಬಂದಿದ್ರಾ?"

"ಇಲ್ಲ ಸರ್. ನಾನು ಕೌಂಟರ್ ಬಿಟ್ಟು ಏಳೋದೇ ಇಲ್ಲ."

"ಅಂದ್ರೆ ಈ ತಪ್ಪು ನೀವು ಮಾಡಿಲ್ಲ."

"ಖಂಡಿತ ಇಲ್ಲ."

"ಹಾಗಾದ್ರೆ ಇಡೀ ಲಾಂಡ್ರೀಲಿ ತಪ್ಪು ಮಾಡಿಲ್ಲ ಅಂತ ಖಂಡಿತವಾಗಿ ಹೇಳಬಹುದಾದ ಮನುಷ್ಯ ನೀವೊಬ್ಬರೇ" ಎಂದು ಮ್ಯಾನೇಜರ್ ಅವನ ಭುಜ ತಟ್ಟಿದರು. "ಶುಕ್ರವಾರ ಬೆಳಿಗ್ಗೆ ಬಸ್ಸಿಗೆ ಹೋಗಿ ಬನ್ನಿ. ಬಂದ ಮೇಲೆ ಕೆಲಸ ಇದ್ದೇ ಇರುತ್ತೆ."

"ಬರ್ತೀನಲ್ಲ ಸರ್?"

"ಶಬ್ದ ನಿಮ್ಮದು. ನನ್ನ ಕೇಳಿದ್ರೆ ಹೇಗೆ?" ಎಂದರು ಮ್ಯಾನೇಜರ್.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿ, ಕೈಯಲ್ಲಿದ್ದ ತಟ್ಟೆಯನ್ನು ಒರೆಸುತ್ತಲೇ ನಿಂತಳು. ತಟ್ಟೆ ಆಗಲೇ ಒಣಗಿತ್ತು. "ಬಿಟ್ಟ ಮೇಲೆ ಆ ಮೇಕೆ ವಾಪಸ್ ಬರ್ತಿತ್ತಾ?"

"ಅದನ್ನ ನಿಘಂಟಲ್ಲಿ ಹಾಕಿಲ್ಲ."

"ಎಲ್ಲಾ ಹಾಕಿ ಅದೊಂದು ಹಾಕಿಲ್ವಾ?" ಎಂದಳು. ನಿಘಂಟಣ್ಣನಿಗೆ ಮೊದಲ ಬಾರಿ ಆ ಪುಸ್ತಕದ ಮೇಲೆ ಅಸಮಾಧಾನವಾಯಿತು. ಮಾವ ಆ ರಾತ್ರಿ ಶಿಫಾರಸಿನ ಮಾತೆತ್ತಲಿಲ್ಲ, ಎರಡನೇ ಸಲ ಬಡಿಸಿಕೊಳ್ಳಲೂ ಇಲ್ಲ.

ಬುಧವಾರ ಅವನು ಒಂದು ಕಳೆದುಹೋದ ಕಾಲುಚೀಲ ಹುಡುಕಿಕೊಂಡು ಬಟ್ಟೆ ಒಣಗಿಸುವ ಕೋಣೆಗೆ ಹೋದ. ಉದ್ದಕ್ಕೂ ಹೊದಿಕೆಗಳು ಸಾಲಾಗಿ ನೇತಾಡುತ್ತಿದ್ದವು. ಗಾಳಿಯಿಲ್ಲದ ಬಿಸಿ ಕೋಣೆ. ನಡುವೆ ನಡೆಯುತ್ತಿದ್ದಾಗ ಎರಡು ಹೊದಿಕೆಗಳ ಸಂದಿಯಿಂದ ಒಂದು ಕೈ ಬಂದು ಅವನ ತಲೆಯ ಮೇಲೆ ಕೂತಿತು. ಕೈ ಬೆಚ್ಚಗಿತ್ತು.

"ಅಲುಗಾಡ್ಬೇಡಿ ನಿಘಂಟಣ್ಣ" ಎಂದಿತು ಇಸ್ತ್ರಿ ಅಕ್ಕನ ದನಿ. ಮುಖ ಕಾಣಲಿಲ್ಲ. "ಆ ಮೂಲೆ ಮನೆಯವರ ಪ್ಯಾಂಟು ಸುಟ್ಟಿದ್ದು ನಾನೇ. ನಿಮ್ಮ ಯಜಮಾನರು ಸಿಗರೇಟ್ ಸೇದಿ ಸುಟ್ಕೊಂಡಿರಬೇಕು ಅಂತ ಅವರ ಹೆಂಡ್ತಿಗೆ ಹೇಳ್ದೆ. ಅವರು ಸೇದೋದೇ ಇಲ್ಲ. ಆಕೆ ಇವತ್ತಿಗೂ ಅವರ ಹತ್ರ ಮಾತು ಬಿಟ್ಟಿದಾಳೆ." ಕೈ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇದ್ದು, ಹೊದಿಕೆಯೊಳಗೆ ಮಾಯವಾಯಿತು. ಆ ಮಧ್ಯಾಹ್ನವೆಲ್ಲ ಇಸ್ತ್ರಿ ಅಕ್ಕ ಗುನುಗುತ್ತಾ ಕೆಲಸ ಮಾಡಿದಳು. ಅವಳು ಗುನುಗಿದ್ದನ್ನು ಯಾರೂ ಹಿಂದೆ ಕೇಳಿರಲಿಲ್ಲ.

ಗುನುಗು ಕೇಳಿಸಿದ್ದೇ ತಡ, ಕಲೆ ತಾತ ಬಂದ. ಅವನ ಗುಟ್ಟಿನ ದ್ರಾವಣ ಬರೀ ನಲ್ಲಿ ನೀರು. ಕಲೆ ಹೋಗದಿದ್ದರೆ ಬಟ್ಟೆಯ ಬಣ್ಣದ ಸೀಮೆಸುಣ್ಣ ಬಳಿದು ಕೊಡುತ್ತಾನೆ, ಅಷ್ಟೆ. ಇದನ್ನು ಹೇಳಿ ಮುಗಿಸಿದಾಗ ಅವನ ಗೂನು ಬೆನ್ನು ನೆಟ್ಟಗಾಗಿತ್ತು. ವ್ಯಾನ್ ಡ್ರೈವರ್ ಗಿರಾಕಿಗಳ ಕೋಟು ತೊಟ್ಟು ಗುರುತಿಲ್ಲದವರ ಮದುವೆಗಳಿಗೆ ಹೋಗಿ, ವರನ ಕಡೆಯವರಿಗೆ ವಧುವಿನ ಕಡೆ ಎಂದೂ ವಧುವಿನ ಕಡೆಯವರಿಗೆ ವರನ ಕಡೆ ಎಂದೂ ಹೇಳಿ ಉಂಡು ಬರುತ್ತಿದ್ದ. "ಒಂದು ಮದುವೇಲಿ ಫೋಟೋಕ್ಕೂ ನಿಂತೆ ಅಣ್ಣ. ಮಧ್ಯದಲ್ಲಿ" ಎಂದು ಅವನು ಕಣ್ಣೀರು ಒರೆಸಿಕೊಂಡ. ಒಬ್ಬೊಬ್ಬರು ಬಂದು ಹೋದಂತೆ ನಿಘಂಟಣ್ಣನ ಕತ್ತು ಒಂದೊಂದು ಎಳೆ ಒಳಕ್ಕೆ ಕುಸಿಯಿತು. ಸಂಜೆ ಅಂಗಿಯ ಕಾಲರು ಕಿವಿಗೆ ತಾಗುತ್ತಿತ್ತು. ಕೌಂಟರಿನ ಡಬ್ಬಿಯಲ್ಲಿ ಗುರುತಿನ ಚೀಟಿಗಳು ಬಹಳ ಕಡಿಮೆಯಾಗಿದ್ದವು. ಯಾರು ತೆಗೆದರು ಎಂದು ಯೋಚಿಸುತ್ತಿರುವಾಗಲೇ, ತಾನು ಬಹಳ ಹೊತ್ತಿನಿಂದ ಏನನ್ನೋ ಅಗಿಯುತ್ತಿರುವುದೂ ಬಾಯಲ್ಲಿ ಶಾಯಿಯ ರುಚಿ ಇರುವುದೂ ಅವನ ಗಮನಕ್ಕೆ ಬಂತು. ರುಚಿ ಕೆಟ್ಟದ್ದೇನಾಗಿರಲಿಲ್ಲ.

ಗುರುವಾರದ ಹೊತ್ತಿಗೆ ಸುದ್ದಿ ಲಾಂಡ್ರಿಯ ಗೋಡೆ ದಾಟಿತ್ತು. ತಲೆ ಭಾರವೆಂದು ಅವನು ಕೂದಲು ಕತ್ತರಿಸಿಕೊಳ್ಳಲು ಹೋದ. ಕ್ಷೌರದಂಗಡಿಯವನು ಬಟ್ಟೆ ಹೊದಿಸಿ, ಬಾಗಿಲು ಮುಂದೆ ಮಾಡಿ, ಕತ್ತರಿಯನ್ನು ಪಕ್ಕಕ್ಕಿಟ್ಟು, ಎರಡೂ ಕೈಗಳನ್ನು ಅವನ ತಲೆಯ ಮೇಲಿಟ್ಟ. ಕನ್ನಡಿಯಲ್ಲಿ ಅವನ ತುಟಿ ಮಾತ್ರ ಅಲ್ಲಾಡುತ್ತಿತ್ತು. ಮುಗಿದ ಮೇಲೆ ಬಟ್ಟೆ ತೆಗೆದು, "ಆಯ್ತು" ಎಂದ. ಒಂದು ಕೂದಲೂ ಕತ್ತರಿಸಿರಲಿಲ್ಲ.

ಲಾಂಡ್ರಿಗೆ ಬಂದರೆ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರು ಕೌಂಟರಿನ ಮುಂದೆ ನಿಂತಿದ್ದರು.

"ಬಟ್ಟೆ ಎಲ್ಲಿ ಸರ್?"

"ಬಟ್ಟೆ ಇಲ್ಲ. ನನ್ನದು ಬೇರೆ" ಎಂದು ಅವರು ಟೋಪಿ ತೆಗೆದು ಸುತ್ತ ನೋಡಿದರು. "ಸ್ವಲ್ಪ ಬಗ್ತೀರಾ? ಸರ್ಕಾರಿ ಕೆಲಸ ಅಂತ ತಿಳ್ಕೊಳ್ಳಿ." ಅವರದು ಮುಗಿಯಲು ಬಹಳ ಹೊತ್ತು ಹಿಡಿಯಿತು. ಹಿಂದೆ ನಿಂತವರು ಗೊಣಗಿದರು.

ಎಲ್ಲರೂ ಬಂದು ಹೋದ ಮೇಲೆ ಮ್ಯಾನೇಜರ್ ಅವನನ್ನು ತಮ್ಮ ಕೋಣೆಗೆ ಕರೆದು, ಚಹಾ ತರಿಸಿ, ಚಿಲಕ ಹಾಕಿದರು. ಅವನ ತಲೆಯ ಮೇಲಿಟ್ಟ ಅವರ ಕೈಗಳು ತಣ್ಣಗಿದ್ದವು.

"ಆ ಬೋರ್ಡು ಬರೆಸಿದವನು ನಾನು" ಎಂದರು. "ಸೋಮವಾರ ನನ್ನ ಮನೆಯ ಹೊಸ ಕೆಂಪು ಕಂಬಳಿ ತಂದು ಹಾಕಿದವನೂ ನಾನೇ. ಆಚೆ ಲಾಂಡ್ರಿಗೆ ಯಾಕೆ ಕೊಡೋದು ಅನ್ನಿಸ್ತು. ಅವರೆಲ್ಲ ಬಾಗಿಲು ತೆಗೆಯೋ ಮುಂಚೆ ನಾನೇ ತೆಗೆದು ಬಚ್ಚಿಟ್ಟೆ." ಕೈ ಎತ್ತಿದ್ದೇ ಅವರ ಮುಖ ಹತ್ತು ವರ್ಷ ಚಿಕ್ಕದಾಯಿತು. ಉಳಿದ ಚಹಾವನ್ನು ಅವರೇ ಕುಡಿದರು. "ಈಗ ಅದು ನಿಮ್ಮದು. ಒಂದು ಕೇಳ್ತೀನಿ ನಿಘಂಟಣ್ಣ. ಆ ಮೇಕೆ ಮಾತಾಡ್ತಿತ್ತಾ?"

"ಮೇಕೆ ಹೇಗೆ ಸರ್ ಮಾತಾಡುತ್ತೆ?"

"ಅದೇ ಅಂದೆ" ಎಂದು ಮ್ಯಾನೇಜರ್ ಚಿಲಕ ತೆಗೆದರು.

ಸಂಜೆ ಅವನು ಮನೆಗೆ ನಡೆದು ಹೋಗುವಾಗ ಬೀದಿಯಲ್ಲಿ ಮಾತೇ ಇರಲಿಲ್ಲ. ಗೇಟುಗಳ ಮೇಲಿಂದ ಕೈಗಳು ಚಾಚಿಕೊಂಡಿದ್ದವು. ಹತ್ತಿರ ಬಂದಾಗ ತಲೆ ಮುಟ್ಟುತ್ತಿದ್ದವು, ಬಿಡುತ್ತಿದ್ದವು. ದಿನಾ ಕುಶಲ ಕೇಳುವ ಒಬ್ಬರೂ ಅವನ ಮುಖ ನೋಡಲಿಲ್ಲ. ನಿಘಂಟಣ್ಣನಿಗೆ ಅಳು ಬಂತು. ಭಾರಕ್ಕಲ್ಲ, ಮುಖ ನೋಡಲಿಲ್ಲವಲ್ಲ ಎಂದು.

ಮನೆಯಲ್ಲಿ ಮಾವ ಬಾಗಿಲಲ್ಲೇ ಕಾದಿದ್ದರು. ಅವರೂ ಕೈಯೆತ್ತಿ ಅಳಿಯನ ತಲೆಯ ಮೇಲಿಟ್ಟರು. "ಅಳಿಯಂದಿರೇ, ನಿಮಗೆ ಈ ಕೆಲಸ ಕೊಡಿಸಿದ್ದು ನಾನಲ್ಲ. ನಾನು ಕೇಳೋಕೆ ಹೋದಾಗ ಅವರೇ ಹೇಳಿದ್ರು, ಆ ಮನುಷ್ಯ ಒಳ್ಳೆಯವನು, ಆಗಲೇ ತಗೊಂಡಿದೀವಿ ಅಂತ. ಇಷ್ಟು ವರ್ಷ ನನ್ನ ಶಿಫಾರಸು ಅಂತ ಹೇಳ್ಕೊಂಡು ನಿಮ್ಮ ಅನ್ನ ಉಂಡೆ."

"ಅದಕ್ಕೇನಂತೆ ಮಾವ, ಒಳಗೆ ಬನ್ನಿ" ಎಂದ ನಿಘಂಟಣ್ಣ. ಆದರೆ ಬಾಗಿಲು ದಾಟಲು ಅವನಿಗೇ ಗೋಡೆ ಹಿಡಿಯಬೇಕಾಯಿತು.

ಶುಕ್ರವಾರ ಬೆಳಿಗ್ಗೆ ಹೆಂಡತಿ ಬಸ್ ಸ್ಟಾಪಿನವರೆಗೆ ಬಂದಳು. ಅವಳೂ ಕೈಯೆತ್ತಿದಾಗ ಅವನು ಅಭ್ಯಾಸದಿಂದ ತಲೆ ಬಗ್ಗಿಸಿದ. ಅವಳು ಏನನ್ನೂ ಹೇಳಲಿಲ್ಲ. ಕೆದರಿದ ಕೂದಲನ್ನು ಬೆರಳಲ್ಲೇ ಬಾಚಿ, "ನಿಮ್ಮ ತಲೆ ಏನು ಊರ ಕಸದ ತೊಟ್ಟಿನಾ?" ಎಂದಳು. ಬಸ್ಸು ಹೊರಟಾಗ ಪಕ್ಕದಲ್ಲೇ ನಡೆಯುತ್ತಾ, "ಸಂಜೆ ಬಸ್ಸಿಗೆ ಬನ್ನಿ. ನಾನು ಇಲ್ಲೇ ಇರ್ತೀನಿ. ನಿಘಂಟಲ್ಲಿ ಹಾಕಿಲ್ಲದೇ ಇದ್ರೆ ನಾವೇ ಬರೆದು ಹಾಕೋಣ" ಎಂದು ಕೂಗಿದಳು.

ಕೊನೆಯ ಸ್ಟಾಪಿನಲ್ಲಿ ಇಳಿದವನು ಅವನೊಬ್ಬನೇ. ಗುಡ್ಡದ ಮೇಲೆ ಒಂದು ಗಿಡವಿರಲಿಲ್ಲ. ವಿಶ್ರಾಂತಿಗೃಹದ ಗೇಟು ತೆರೆದಿತ್ತು, ಬಾಗಿಲೂ ತೆರೆದಿತ್ತು. ಒಳಗೆ ಒಂದೇ ಉದ್ದನೆಯ ಕೋಣೆ, ಎರಡೂ ಕಡೆ ಕಬ್ಬಿಣದ ಮಂಚಗಳು, ಪ್ರತಿಯೊಂದರ ಮೇಲೂ ಬಿಗಿಯಾಗಿ ಹಾಸಿದ ಗುಲಾಬಿ ಹೊದಿಕೆ. ಒಂದರ ಮೇಲೂ ಯಾರೂ ಇರಲಿಲ್ಲ. ತುದಿಯಲ್ಲಿ ಮೇಜು, ಮೇಜಿನ ಮೇಲೆ ಫೋನು, ಅದರ ಹಿಂದೆ ಒಬ್ಬ ಹೆಂಗಸು ದಿಂಬಿನ ಚೀಲಕ್ಕೆ ಗುಂಡಿ ಹೊಲಿಯುತ್ತಾ ಕೂತಿದ್ದಳು. ಎಲ್ಲೋ ನೋಡಿದ ಮುಖ. ಎಲ್ಲಿ ಎಂದು ಎಷ್ಟು ತಡಕಿದರೂ ಸಿಗಲಿಲ್ಲ.

"ಬಂದ್ರಾ" ಎಂದಳು ತಲೆಯೆತ್ತದೆ. "ಬಹಳ ಹೊತ್ಕೊಂಡು ಬಂದ ಹಾಗಿದೆ. ಇಳಿಸಿ."

ಅವನು ತನ್ನ ಖಾಲಿ ಕೈಗಳನ್ನು ನೋಡಿಕೊಂಡ. ಆಮೇಲೆ ಸ್ಟೂಲಿನ ಮೇಲೆ ಕೂತು ಇಳಿಸತೊಡಗಿದ. ಸುಟ್ಟ ಪ್ಯಾಂಟು, ನಲ್ಲಿ ನೀರು, ಮದುವೆಯ ಫೋಟೋ. ಯಾರದು ಎಂದು ಅವಳು ಕೇಳಲಿಲ್ಲ, ಅವನು ಹೆಸರು ಹೇಳಲಿಲ್ಲ. ಒಂದೊಂದು ಮುಗಿದಾಗಲೂ ಅವನ ಬೆನ್ನ ಹಿಂದೆ ಒಂದು ಮಂಚ ಕಿರ್ ಎನ್ನುತ್ತಿತ್ತು. ಮೂರನೆಯ ಸಲ ತಿರುಗಿ ನೋಡಿದ. ಬಾಗಿಲ ಕಡೆಯ ಮಂಚಗಳ ಮೇಲೆ ಹೊದಿಕೆಗಳು ನಡುವೆ ಗುಂಡಿ ಬಿದ್ದಿದ್ದವು, ಯಾರೋ ಮಗ್ಗುಲಾಗಿ ಮಲಗಿದ ಹಾಗೆ. ಇನ್ನು ತಿರುಗಿ ನೋಡಬಾರದೆಂದು ಅವನು ತೀರ್ಮಾನಿಸಿದ. ಇನ್ಸ್‌ಪೆಕ್ಟರರದನ್ನು ಹೇಳುವಾಗ ಒಂದೇ ಕಡೆ ನಾಲ್ಕೈದು ಮಂಚಗಳು ಒಟ್ಟಿಗೆ ಕಿರುಗುಟ್ಟಿದವು. ಮಾವನದನ್ನು ಹೇಳಿ ಮುಗಿಸಿದಾಗ ಅವನ ಕತ್ತು ಕಾಲರಿನಿಂದ ಮೇಲೆ ಬಂದಿತ್ತು. ಮೇಜಿಗೆ ಹತ್ತಿರದ ಮಂಚ ಮಾತ್ರ ಇನ್ನೂ ಬಿಗಿಯಾಗಿತ್ತು.

"ಒಂದು ಉಳೀತಲ್ಲ" ಎಂದು ಅವಳು ದಾರ ಕಡಿದಳು. "ಬಣ್ಣದ್ದು."

ನಿಘಂಟಣ್ಣ ಸ್ಟೂಲಿನ ಅಂಚಿಗೆ ಸರಿದ.

"ನಾವು ಬೈತೀವಿ ಅಂದ್ಕೊಂಡ್ರಾ? ಎಷ್ಟೋ ಕಾಲದಿಂದ ಹೀಗೆ ಇಲ್ಲಿ ಇಳಿದೋರಿಗೆಲ್ಲ ಬಿಳೀದೇ ಹಾಸ್ತಿದ್ದೆ. ಒಬ್ಬರೂ ಮಲಗ್ತಿರಲಿಲ್ಲ. ನಾವು ಮಲಗಿದ್ರೆ ಕಲೆಯಾಗುತ್ತೆ ಅಂತ ಗೋಡೆಗೆ ಒರಗಿ ನಿಂತೇ ಇರ್ತಿದ್ರು. ಈ ಬಣ್ಣ ಬಂದ ಮೇಲೆ ನೋಡಿ, ಎಷ್ಟು ನೆಮ್ಮದಿಯಾಗಿ ಮಲಗಿದಾರೆ. ಇಂಥ ಕೆಲಸ ಮಾಡಿದವರು ಇಲ್ಲೇ ಇದ್ದುಬಿಡ್ಲಿ ಅಂತ ನಮ್ಮ ಆಸೆ. ಈ ಮಂಚ ಅವರದು." ಅವಳು ಮೊದಲ ಬಾರಿ ತಲೆಯೆತ್ತಿ ನಕ್ಕಳು. ಬಹಳ ಒಳ್ಳೆಯ ನಗು. "ನೀವೇ ತಾನೇ ಮಾಡಿದ್ದು?"

ಹೌದು ಎಂದರೆ ಮಂಚ. ಅಲ್ಲ ಎಂದರೆ ಯಾರು ಎಂದು ಕೇಳುತ್ತಾಳೆ. ಮ್ಯಾನೇಜರರ ತಣ್ಣನೆಯ ಎರಡು ಕೈಗಳು ಇನ್ನೂ ಅವನ ತಲೆಯ ಮೇಲಿದ್ದ ಹಾಗಿತ್ತು. ಮೇಕೆ ಮಾತಾಡುವುದಿಲ್ಲವೆಂದು ಅವನೇ ಹೇಳಿಬಂದಿದ್ದ. ಸಂಜೆ ಸ್ಟಾಪಿನಲ್ಲಿ ಹೆಂಡತಿ ನಿಂತಿರುತ್ತಾಳೆ. ಆಗ ಅವನ ಬಾಯಿಗೆ ಬಂದದ್ದು ಅವನಿಗೆ ಬರುತ್ತಿದ್ದ ಒಂದೇ ವಿದ್ಯೆ.

"ಅಮ್ಮ, ಸ್ಕೇಪ್‌ಗೋಟ್ ಅನ್ನೋ ಶಬ್ದ ಎಲ್ಲಿಂದ ಬಂತು ಗೊತ್ತಾ?" ಎಂದ.

ಅವಳು ಸೂಜಿ ಕೆಳಗಿಟ್ಟಳು. ಅವನು ವಂಶಾವಳಿಯನ್ನು ಮೊದಲಿನಿಂದ ಬಿಚ್ಚಿದ. ಮರುಭೂಮಿ, ಪೂಜಾರಿ, ಚೀಟಿ, ಇಂಗ್ಲಿಷಿಗೆ ತಂದ ಪಂಡಿತ, ಅವನನ್ನು ಒಪ್ಪದ ಪಂಡಿತರು, ಒಂದನ್ನೂ ಬಿಡಲಿಲ್ಲ. ಅಲ್ಲಿ ಕಾಯ್ಕೊಂಡು ಇರುತ್ತಲ್ಲ ಎಂಬ ಭಾಗ ಬಂದಾಗ ಮಾತ್ರ ನಾಲಿಗೆ ತೊದಲಿತು. ಅವಳು ಮೆಲ್ಲಗೆ ತಲೆಯಾಡಿಸಿ, "ಹೇಳಿ, ಹೇಳಿ" ಎಂದಳು. ಜೀವಮಾನದಲ್ಲಿ ಅವನ ಶಬ್ದಕಥೆಯನ್ನು ಕೊನೆಯವರೆಗೂ ಇಷ್ಟಪಟ್ಟು ಕೇಳಿದವಳು ಅವಳೊಬ್ಬಳೇ.

"ಅಂದ್ರೆ ಮೇಕೆ ಎರಡು ಅಮ್ಮ. ಒಂದು ಉಳಿಯೋದು, ಒಂದು ಹೋಗೋದು. ನಾನು ಹೋಗೋದು. ಹಿಡಿದಿಟ್ಕೊಂಡ್ರೆ ಶಬ್ದಕ್ಕೆ ಅರ್ಥವೇ ಇರಲ್ಲ."

ಅವಳು ಸೂಜಿ ಎತ್ತಿಕೊಂಡು ಹೊಸ ದಾರ ಪೋಣಿಸಿದಳು. ಮಂಚಗಳ ಮೇಲೆ ಯಾರೋ ಮಗ್ಗುಲು ಬದಲಾಯಿಸಿದರು.

"ನ್ಯಾಯವೇ" ಎಂದಳು. "ಹೋಗೋದನ್ನ ಇಟ್ಕೊಳ್ಳಬಾರದು. ಹಾಗಾದ್ರೆ ಉಳಿಯೋದು ಎಲ್ಲಿ?"

"ನಾನು ಬರೀ ಹೊರೋನು ಅಮ್ಮ. ಅದು ನನಗೆ ಸೇರಿದ್ದಲ್ಲ."

"ಸರಿ, ನಾಳೆ ಬೆಳಿಗ್ಗೆ ಫೋನ್ ಮಾಡಿ ಲಾಂಡ್ರಿಯವರನ್ನೇ ಕೇಳ್ತೀನಿ. ಬಸ್ಸು ತಪ್ಪೀತು, ಹೊರಡಿ" ಎಂದು ಅವಳು ಮತ್ತೊಂದು ಗುಂಡಿ ಎತ್ತಿಕೊಂಡಳು. ನಿಘಂಟಣ್ಣ ಎರಡು ಸಾಲುಗಳ ನಡುವೆ ತುದಿಗಾಲಲ್ಲಿ ನಡೆದು ಹೊರಗೆ ಬಂದ. ಮಲಗಿದವರನ್ನು ಎಬ್ಬಿಸಬಾರದಲ್ಲ.

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅಂದಿತಂತೆ. ಸಂಜೆ ಬಸ್ಸಿನಿಂದ ಅವನು ಇಳಿದದ್ದನ್ನು ನೋಡಿ ಕ್ಷೌರದಂಗಡಿಯವನು, ಒಳಗೆ ಅರ್ಧ ಗಡ್ಡದ ಗಿರಾಕಿ ಇರುವಂತೆಯೇ ಷಟರ್ ಎಳೆದ. ಗೇಟುಗಳೆಲ್ಲ ಮುಚ್ಚಿದವು. ಬಿಟ್ಟದ್ದು ವಾಪಸು ಬಂದರೆ ಅದರ ಬೆನ್ನ ಮೇಲಿದ್ದದ್ದೂ ಬಂದಿರುತ್ತದಲ್ಲ ಎಂದು ಇಡೀ ಬೀದಿ ಒಳಗೊಳಗೇ ಲೆಕ್ಕ ಹಾಕುತ್ತಿತ್ತು. ಸ್ಟಾಪಿನಲ್ಲಿ ನಿಂತಿದ್ದವಳು ಹೆಂಡತಿಯೊಬ್ಬಳೇ. ಅವಳು ಅವನ ಕತ್ತನ್ನು, ಕಾಲರನ್ನು ನೋಡಿ, ಅವನ ಕೈ ಹಿಡಿದೆಳೆದು, "ಅನ್ನ ಆರಿಹೋಗ್ತಿದೆ" ಎಂದಳು. ಅವಳ ಕಣ್ಣು ಕೆಂಪಾಗಿತ್ತು. ಮನೆಯಲ್ಲಿ ಮಾವ ತಾವೇ ನೀರು ತಂದುಕೊಟ್ಟು, ಅಳಿಯನಿಗೆ ಎರಡನೇ ಸಲ ಬಡಿಸಿದರು.

ಶನಿವಾರ ಬೆಳಿಗ್ಗೆ ಲಾಂಡ್ರಿಯಲ್ಲಿ ಒಂದು ತಲೆಯೂ ಬರಿದಾಗಿರಲಿಲ್ಲ. ಇಸ್ತ್ರಿ ಅಕ್ಕ ಟವೆಲ್ಲು ಸುತ್ತಿದ್ದಳು. ಕಲೆ ತಾತ ಬೇಸಿಗೆಯಲ್ಲಿ ಉಣ್ಣೆಯ ಟೋಪಿ ಹಾಕಿದ್ದ. ವ್ಯಾನ್ ಡ್ರೈವರ್ ಯಾರದೋ ಮದುವೆಯ ಹ್ಯಾಟಿನಲ್ಲಿದ್ದ. ಮ್ಯಾನೇಜರ್ ತಮ್ಮ ಕೋಣೆ ಬಿಟ್ಟು, ಜನ ಇರುವಲ್ಲಿ ಧೈರ್ಯವೆಂದು ಕೌಂಟರಿನ ಪಕ್ಕದಲ್ಲೇ ಸ್ಕೂಟರಿನ ಹೆಲ್ಮೆಟ್ ಧರಿಸಿ ಕೂತಿದ್ದರು. ನಿಘಂಟಣ್ಣ ಎಲ್ಲರಿಗೂ ನಮಸ್ಕಾರ ಹೇಳಿದ. ಎಲ್ಲರೂ ಎರಡೂ ಕೈಯಿಂದ ತಂತಮ್ಮ ತಲೆ ಹಿಡಿದುಕೊಂಡರು.

ಫೋನು ಹೊಡೆದುಕೊಂಡಿತು. ನಿಂತಿತು. ಮತ್ತೆ ಹೊಡೆದುಕೊಂಡಿತು. ಯಾರೂ ಎತ್ತಲಿಲ್ಲ.

"ನಿಘಂಟಣ್ಣ, ಎತ್ತಿ" ಎಂದಿತು ಹೆಲ್ಮೆಟ್ಟಿನೊಳಗಿನ ದನಿ. "ಗುಡ್ಡದವರಾದ್ರೆ ನಾನಿಲ್ಲ ಅಂತ ಹೇಳಿ. ಸಣ್ಣ ಮಾತು ಅಷ್ಟೇ. ಇಷ್ಟೆಲ್ಲ ಹೊತ್ತಿದೀರಿ, ಇದೊಂದು ನಿಮಗೆ ಭಾರವಾ?"

ಕರವಸ್ತ್ರದಷ್ಟು ಭಾರದ ಮಾತು. ಆದರೆ ಎಲ್ಲವೂ ಶುರುವಾದದ್ದು ಕರವಸ್ತ್ರದಷ್ಟರಲ್ಲೇ ಎಂದು ಆ ಉದ್ದನೆಯ ಕೋಣೆಯಲ್ಲಿ ಅವನು ಒಂದೊಂದನ್ನೇ ಇಳಿಸುವಾಗ ನೋಡಿದ್ದ. ನಿಘಂಟಣ್ಣ ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡ. ಹಗುರವಾಗಿತ್ತು. ಹಾಗೇ ಇರಲಿ ಅನ್ನಿಸಿತು. ಫೋನು ಎತ್ತಿದ.

ದನಿ ಬೆಚ್ಚಗಿತ್ತು. "ಆ ಉಳಿಯೋ ಮೇಕೆ ಸಿಕ್ಕಿತಾ?"

"ಅದನ್ನ ಹೇಳೋನು ನಾನಲ್ಲ ಅಮ್ಮ. ಮ್ಯಾನೇಜರ್ ಇಲ್ಲೇ ಇದಾರೆ, ಕೊಡ್ತೀನಿ" ಎಂದು ಅವನು ಫೋನನ್ನು ಮುಂದೆ ಚಾಚಿದ.

ಬಾಯ್ಲರ್ ಉಸಿರು ಬಿಟ್ಟಿತು. ಟವೆಲ್ಲು, ಉಣ್ಣೆಯ ಟೋಪಿ, ಮದುವೆಯ ಹ್ಯಾಟು, ಎಲ್ಲವೂ ಒಂದೇ ಕಡೆ ತಿರುಗಿದವು. ಮ್ಯಾನೇಜರ್ ಫೋನು ತೆಗೆದುಕೊಂಡು ಕಿವಿಗೆ ಒತ್ತಿದರು, ಮತ್ತೆ ಒತ್ತಿದರು. ಹೆಲ್ಮೆಟ್ಟಿನ ಮೇಲಿಂದ ಏನೂ ಕೇಳಿಸುವುದಿಲ್ಲ. ಕೊನೆಗೆ ಅವರು ಅದರ ಪಟ್ಟಿ ಬಿಚ್ಚಿ, ನಿಧಾನವಾಗಿ ತಲೆಯಿಂದ ತೆಗೆದು ಕೌಂಟರಿನ ಮೇಲಿಟ್ಟರು.